ಮರವನ್ನು ಬಗ್ಗಿಸಿದ ಬಡಗಿ: ಮಿಖಾಯೆಲ್ ಟೋನೆಟ್

ನಮ್ಮ ಈ ವಾರ್ತಾಪತ್ರದಲ್ಲಿ ವಿಜ್ಞಾನಿಗಳ, ಕವಿಗಳ, ಸ್ವಾತಂತ್ರ್ಯ ಹೋರಾಟಗಾರರ ಜೀವನ ಚರಿತ್ರೆಗಳನ್ನು ಓದಿದ್ದೇನೆ. ಬಡಗಿಯೊಬ್ಬರ ಜೀವನ ಚರಿತ್ರೆ ಬಂದದ್ದು ನನಗೆ ನೆನಪಿಲ್ಲ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ನಮ್ಮ ಅಬ್ಬಾ ಬಡಗಿ ಕೆಲಸ ಮಾಡುವವರು. ಹಾಗಾಗಿ ಈ ಸಲ ಬರೆಯಲು ಹೇಳಿದಾಗ ನನಗೆ ಮೊದಲು ಹೊಳೆದ ಹೆಸರು ಮಿಖಾಯೆಲ್ ಟೋನೆಟ್. ಹೆಸರು ಕೇಳಿರದವರೂ ಅವರ ಕುರ್ಚಿಯನ್ನು ಎಲ್ಲಿಯಾದರೂ ನೋಡಿಯೇ ಇರುತ್ತೀರಿ. ದುಂಡನೆಯ ಬೆತ್ತದ ಆಸನ, ಕಮಾನಿನಂತೆ ಬಾಗಿದ ಬೆನ್ನು, ಅದರೊಳಗೆ ಇನ್ನೊಂದು ಸಣ್ಣ ಕಮಾನು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಮುಂಬಯಿಯ ಹಳೆಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿಯುವಾಗ ಜನ ಕೂರುವುದು ಇದೇ ಜಾತಿಯ ಬಾಗುಮರದ ಕುರ್ಚಿಗಳ ಮೇಲೆ. ಹಳೆಯ ಸಿನಿಮಾಗಳಲ್ಲೂ ಕಾಣುತ್ತವೆ.

ಈ ಕುರ್ಚಿಯಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ, ಮೊದಲು ಮರದ ಸ್ವಭಾವ ಹೇಳಬೇಕು. ಮರದಲ್ಲಿ ಎಳೆಗಳಿರುತ್ತವೆ. ಅವು ಕಾಂಡದ ಉದ್ದಕ್ಕೆ ಹರಿಯುತ್ತವೆ. ಎಳೆಯ ಉದ್ದಕ್ಕೆ ಮರ ಬಹಳ ಗಟ್ಟಿ, ಎಳೆಗೆ ಅಡ್ಡಲಾಗಿ ಬಹಳ ದುರ್ಬಲ. ಸೌದೆ ಸೀಳಿದವರಿಗೆ ಇದು ಗೊತ್ತು. ಈಗ ಒಂದು ಬಾಗಿದ ಕುರ್ಚಿ ಕಾಲು ಬೇಕು ಎನ್ನಿ. ಸಾಮಾನ್ಯ ದಾರಿ ಎಂದರೆ ಅಗಲವಾದ ಹಲಗೆಯ ಮೇಲೆ ಬಾಗು ಗೆರೆ ಎಳೆದು ಗರಗಸದಿಂದ ಕೊಯ್ದು ತೆಗೆಯುವುದು. ಇದರಲ್ಲಿ ಎರಡು ನಷ್ಟ. ಒಂದು, ಹಲಗೆಯ ಅರ್ಧ ಭಾಗ ಚೂರಾಗಿ ಒಲೆಗೆ ಹೋಗುತ್ತದೆ. ಎರಡು, ಬಾಗಿದ ಜಾಗದಲ್ಲಿ ಎಳೆಗಳು ಕತ್ತರಿಸಿ ಹೋಗುತ್ತವೆ. ಭಾರ ಬಿದ್ದಾಗ ಕಾಲು ಮುರಿಯುವುದು ಅಲ್ಲಿಯೇ. ರಿಪೇರಿಗೆ ಬರುವ ಕುರ್ಚಿಗಳಲ್ಲಿ ಹೆಚ್ಚಿನವು ಇಂಥ ಬಾಗಿನಲ್ಲೇ ಮುರಿದಿರುತ್ತವೆ ಎಂದು ಅಬ್ಬಾ ಹೇಳುತ್ತಾರೆ. ಮರವನ್ನು ಕೊಯ್ಯದೆ ಬಗ್ಗಿಸಿದರೆ ಎಳೆಗಳೂ ಬಾಗಿನ ಜೊತೆಯೇ ತಿರುಗುತ್ತವೆ, ಒಂದೂ ತುಂಡಾಗುವುದಿಲ್ಲ. ಆದರೆ ಒಣ ಮರ ಬಗ್ಗುವುದಿಲ್ಲ, ಮುರಿಯುತ್ತದೆ. ಟೋನೆಟ್ ಅವರ ಅರ್ಧ ಆಯುಷ್ಯ ಈ ಒಂದು ತೊಡಕಿನ ಹಿಂದೆ ಕಳೆಯಿತು.

ಅವರು ಹುಟ್ಟಿದ್ದು 1796ರ ಜುಲೈ 2ರಂದು, ಜರ್ಮನಿಯ ರೈನ್ ನದಿ ದಂಡೆಯ ಬೊಪ್ಪಾರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕೆಲಸದವರು. ಮಗ ಬಡಗಿ ಕೆಲಸ ಕಲಿತು 1819ರಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಮರುವರ್ಷ ಮದುವೆ. ಹೆಂಡತಿಯ ಹೆಸರು ಅನ್ನಾ ಮರಿಯಾ. ಅವರಿಗೆ ಹದಿಮೂರು ಮಕ್ಕಳು ಹುಟ್ಟಿದರು. ಹಲವರು ಎಳೆಯ ವಯಸ್ಸಿನಲ್ಲೇ ತೀರಿಹೋದರು. ದೊಡ್ಡವರಾಗಿ ತಂದೆಯ ಕಸುಬಿಗೆ ಕೈ ಹಾಕಿದವರು ಐದು ಗಂಡುಮಕ್ಕಳು: ಫ್ರಾಂಟ್ಸ್, ಮಿಖಾಯೆಲ್, ಆಗುಸ್ಟ್, ಯೋಸೆಫ್, ಯಾಕೋಬ್. ಈ ಐದು ಹೆಸರು ನೆನಪಿಡಿ, ಮುಂದೆ ಬೇಕಾಗುತ್ತವೆ.

ಮೊದಲ ಹತ್ತು ವರ್ಷ ಅವರು ಎಲ್ಲ ಬಡಗಿಗಳಂತೆ ಮೇಜು, ಕಪಾಟು, ಕುರ್ಚಿ ಮಾಡಿದರು. 1830ರ ನಂತರ ಬಾಗಿದ ಮರದ ಪ್ರಯೋಗ ಶುರುವಾಯಿತು. ಅವರ ಮೊದಲ ಉಪಾಯ ಹೀಗಿತ್ತು: ದಪ್ಪ ಮರ ಬಗ್ಗುವುದಿಲ್ಲ, ಆದರೆ ತೆಳ್ಳಗಿನ ಪಟ್ಟಿ ಬಗ್ಗುತ್ತದಲ್ಲವೇ? ಹಾಗಾದರೆ ಮರವನ್ನು ತೆಳುವಾದ ಪಟ್ಟಿಗಳಾಗಿ ಸೀಳಬೇಕು, ಅವುಗಳ ಕಟ್ಟನ್ನು ಬಿಸಿ ಅಂಟಿನಲ್ಲಿ ಕುದಿಸಬೇಕು, ಮೆತ್ತಗಾದ ಮೇಲೆ ಮರದ ಅಚ್ಚಿಗೆ ಸುತ್ತಿ ಬಿಗಿದು ಒಣಗಲು ಬಿಡಬೇಕು. ಅಂಟು ಗಟ್ಟಿಯಾದಾಗ ಎಲ್ಲ ಪಟ್ಟಿಗಳೂ ಸೇರಿ ಒಂದೇ ಬಾಗಿದ ತುಂಡಾಗುತ್ತವೆ. ಈಗಿನ ಪ್ಲೈವುಡ್ಡಿಗೆ ಇದು ಹತ್ತಿರದ ಸಂಬಂಧಿ. 1836ರ ಹೊತ್ತಿಗೆ ಈ ರೀತಿಯಲ್ಲಿ ಒಳ್ಳೆಯ ಕುರ್ಚಿ ಮಾಡುವಷ್ಟು ಕೈ ಪಳಗಿತು. ಅಂಟು ಸಾಕಷ್ಟು ಸಿಗಬೇಕಲ್ಲ, ಮರುವರ್ಷ ಅಂಟು ತಯಾರಿಸುವ ಮಿಲ್ಲೊಂದನ್ನೇ ಕೊಂಡುಕೊಂಡರು. ಆ ಕಾಲದ ಬಡಗಿಯ ಅಂಟು ಎಂದರೆ ಪ್ರಾಣಿಗಳ ಎಲುಬು, ಚರ್ಮ ಕುದಿಸಿ ತೆಗೆದದ್ದು. ಚರ್ಮದ ಕೆಲಸದವರ ಮಗನಿಗೆ ಆ ವಾಸನೆ ಹೊಸದಾಗಿರಲಿಕ್ಕಿಲ್ಲ.

ಕುರ್ಚಿಗಳು ಚೆನ್ನಾಗಿದ್ದವು. ಹಗುರವಾಗಿದ್ದವು. ಆದರೆ ಹೊಸ ಉಪಾಯವನ್ನು ಬೇರೆಯವರು ನಕಲು ಮಾಡದಂತೆ ಕಾಯುವುದು ಸುಲಭವಲ್ಲ. ಅವರು ಪ್ರಷ್ಯಾ ಸರಕಾರಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. ಸಿಗಲಿಲ್ಲ. ಬೇರೆ ದೇಶಗಳಲ್ಲಿ ಪ್ರಯತ್ನಿಸಿದರು. ಅದಕ್ಕೆ ಹಣ ಬೇಕಿತ್ತು, ಸಾಲವಾಯಿತು.

1841ರಲ್ಲಿ ಹತ್ತಿರದ ಕೊಬ್ಲೆಂಟ್ಸ್ ನಗರದ ವಸ್ತುಪ್ರದರ್ಶನದಲ್ಲಿ ತಮ್ಮ ಕುರ್ಚಿಗಳನ್ನು ಇಟ್ಟಿದ್ದರು. ಅವು ಆಸ್ಟ್ರಿಯಾ ಸಾಮ್ರಾಜ್ಯದ ಚಾನ್ಸಲರ್ ಮೆಟರ್ನಿಖ್ ಅವರ ಕಣ್ಣಿಗೆ ಬಿದ್ದವು. ನಮ್ಮ ಕಲಾ ವಿಭಾಗದ ಸ್ನೇಹಿತರು ಈ ಹೆಸರನ್ನು ಇತಿಹಾಸದಲ್ಲಿ ಓದಿರುತ್ತೀರಿ: ನೆಪೋಲಿಯನ್ ಸೋತ ಮೇಲೆ ಯುರೋಪಿನ ನಕಾಶೆಯನ್ನು ಮತ್ತೆ ಬರೆದವರಲ್ಲಿ ಒಬ್ಬರು. ಅವರು ಹುಟ್ಟಿದ ಊರೂ ಕೊಬ್ಲೆಂಟ್ಸೇ. ಇಂಥ ದೊಡ್ಡ ಅಧಿಕಾರಿ ಸಣ್ಣ ಊರಿನ ಬಡಗಿಯನ್ನು ವಿಯೆನ್ನಾಕ್ಕೆ ಬರಲು ಆಹ್ವಾನಿಸಿದರು. ಟೋನೆಟ್ 1842ರಲ್ಲಿ ವಿಯೆನ್ನಾಕ್ಕೆ ಹೋಗಿ ಅರಮನೆಯವರ ಮುಂದೆ ತಮ್ಮ ಕುರ್ಚಿಗಳನ್ನು ತೋರಿಸಿದರು. ಅದೇ ವರ್ಷ ಜುಲೈ 16ರಂದು ಮರವನ್ನು ಬೇಕಾದ ಆಕಾರಕ್ಕೆ ಬಗ್ಗಿಸುವ ವಿಧಾನದ ಮೇಲೆ ಅವರಿಗೆ ಆಸ್ಟ್ರಿಯಾದ ಹಕ್ಕುಪತ್ರ ಸಿಕ್ಕಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಅವರು ಅತ್ತ ವಿಯೆನ್ನಾದಲ್ಲಿರುವಾಗ ಇತ್ತ ಬೊಪ್ಪಾರ್ಡ್‌ನಲ್ಲಿ ಸಾಲ ಕೊಟ್ಟವರು ಹಣಕ್ಕಾಗಿ ಪಟ್ಟು ಹಿಡಿದರು. ಕಾರ್ಯಾಗಾರ ಕೈಬಿಟ್ಟುಹೋಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಷ್ಟಪಟ್ಟು ಕಟ್ಟಿದ್ದು ಹೋಯಿತು. ಆಗ ಅವರ ವಯಸ್ಸು 46. ನಾನು ಈ ಭಾಗ ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಸಾಲದ ಹೆಸರು ಕೇಳಿದರೆ ಕೆಲಸದವರ ಮನೆಗಳಲ್ಲಿ ಏನಾಗುತ್ತದೆ ಎಂದು ನಮ್ಮಲ್ಲಿ ಹಲವರಿಗೆ ಗೊತ್ತಿದೆ. ಉಳಿ, ಗರಗಸ, ಯಂತ್ರ ಎಲ್ಲ ಇನ್ನೊಬ್ಬರ ಪಾಲಾದ ಮೇಲೆ ಬಡಗಿಯ ಬಳಿ ಉಳಿಯುವುದು ಎರಡು ಕೈ ಮಾತ್ರ.

ಅವರು ಕುಟುಂಬವನ್ನೆಲ್ಲ ಕಟ್ಟಿಕೊಂಡು ವಿಯೆನ್ನಾಕ್ಕೆ ಬಂದರು. ಕೈಯಲ್ಲಿ ಹಕ್ಕುಪತ್ರ ಇತ್ತು, ಅದನ್ನು ಬಳಸಲು ಬಂಡವಾಳ ಇರಲಿಲ್ಲ. ಹಾಗಾಗಿ ತಂದೆ, ಮಕ್ಕಳು ಕಾರ್ಲ್ ಲೈಸ್ಟ್ಲರ್ ಎಂಬವರ ಪೀಠೋಪಕರಣ ಸಂಸ್ಥೆಗೆ ಕೆಲಸ ಮಾಡಿಕೊಡತೊಡಗಿದರು. ಆಗ ವಿಯೆನ್ನಾದಲ್ಲಿ ಲಿಕ್ಟೆನ್‌ಸ್ಟೈನ್ ರಾಜಮನೆತನದ ಅರಮನೆಯ ಒಳಾಂಗಣದ ಕೆಲಸ ನಡೆಯುತ್ತಿತ್ತು. ನೆಲಕ್ಕೆ ಹಾಸುವ ಮರದ ಚಿತ್ತಾರವನ್ನೂ, ಹಗುರವಾದ ಕುರ್ಚಿಗಳನ್ನೂ ಟೋನೆಟ್ ಕುಟುಂಬ ಮಾಡಿತು. ಕೆಲವು ವರ್ಷ ಹೀಗೆಯೇ ಬೇರೆಯವರ ಹೆಸರಿನಡಿ ಕಳೆದವು.

1848ರಲ್ಲಿ ವಿಯೆನ್ನಾದಲ್ಲಿ ಕ್ರಾಂತಿ ಎದ್ದಿತು. ಇವರನ್ನು ಕರೆಸಿಕೊಂಡಿದ್ದ ಮೆಟರ್ನಿಖ್ ಅವರೇ ಅಧಿಕಾರ ಬಿಟ್ಟು ದೇಶದಿಂದ ಓಡಿಹೋಗಬೇಕಾಯಿತು. ಆಶ್ರಯ ಕೊಟ್ಟವರು ಹೋದರು, ಬಡಗಿ ಉಳಿದರು. ಮರುವರ್ಷವೇ, 1849ರಲ್ಲಿ, ವಿಯೆನ್ನಾದ ಗುಂಪೆನ್‌ಡಾರ್ಫ್ ಎಂಬ ಭಾಗದಲ್ಲಿ ಟೋನೆಟ್ ಮತ್ತೆ ಸ್ವಂತ ಕಾರ್ಯಾಗಾರ ತೆರೆದರು. ಆಗ ಅವರಿಗೆ 53 ವರ್ಷ. ಮೊದಲ ದೊಡ್ಡ ಬೇಡಿಕೆಗಳಲ್ಲಿ ಒಂದು ಬಂದದ್ದು ಅರಮನೆಯಿಂದಲ್ಲ, ಒಂದು ಕಾಫಿ ಹೋಟೆಲಿನಿಂದ. ವಿಯೆನ್ನಾದ ಕಫೆ ಡಾಮ್ ತನ್ನ ಗಿರಾಕಿಗಳಿಗಾಗಿ ಇವರ ಕುರ್ಚಿಗಳನ್ನು ಕೊಂಡಿತು. ಅದು ಅವರ ಪಟ್ಟಿಯಲ್ಲಿ 4ನೇ ಮಾದರಿ. ನನ್ನ ಪ್ರಕಾರ ಟೋನೆಟ್ ಜೀವನ ತಿರುಗಿದ್ದು ಇಲ್ಲಿ. ಅರಮನೆಯಲ್ಲಿ ಕುರ್ಚಿಯನ್ನು ನೋಡುತ್ತಾರೆ. ಹೋಟೆಲಿನಲ್ಲಿ ಅದರ ಮೇಲೆ ದಿನಕ್ಕೆ ಎಷ್ಟೋ ಜನ ಕೂರುತ್ತಾರೆ, ಎಳೆದಾಡುತ್ತಾರೆ, ಹಿಂದಕ್ಕೆ ವಾಲುತ್ತಾರೆ. ಅಲ್ಲಿ ನಿಂತ ಕುರ್ಚಿ ಎಲ್ಲಿಯಾದರೂ ನಿಂತೀತು.

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವರ ಸಾಮಾನುಗಳಿಗೆ ಕಂಚಿನ ಪದಕ ಬಂತು. 1853ರಲ್ಲಿ ಸಂಸ್ಥೆಯನ್ನು ಐದು ಮಕ್ಕಳ ಹೆಸರಿಗೆ ಬರೆದುಕೊಟ್ಟರು. ಸಂಸ್ಥೆಯ ಹೆಸರು ಗೆಬ್ರೂಡರ್ ಟೋನೆಟ್, ಅಂದರೆ ಟೋನೆಟ್ ಸಹೋದರರು. ಮಕ್ಕಳ ಹೆಸರಾದರೂ ಮುಂದೆ ನಿಂತು ನಡೆಸಿದವರು ತಂದೆಯೇ. 1855ರಲ್ಲಿ ಪ್ಯಾರಿಸ್‌ನಲ್ಲಿ ಬೆಳ್ಳಿ ಪದಕ. ಕುರ್ಚಿಗಳು ಹಡಗು ಹತ್ತಿ ಸಮುದ್ರದಾಚೆಗೂ ಹೋಗತೊಡಗಿದವು.

ಆಗ ಹಳೆಯ ಶತ್ರು ಎದ್ದು ಬಂತು. ಅಂಟು. ಪ್ರಾಣಿಜನ್ಯ ಅಂಟು ಒಣ ಹವೆಯಲ್ಲಿ ಗಟ್ಟಿಯಾಗಿರುತ್ತದೆ, ತೇವ ತಗಲಿದರೆ ಮೆತ್ತಗಾಗುತ್ತದೆ. ವಾರಗಟ್ಟಲೆ ಹಡಗಿನ ತೇವದಲ್ಲಿ, ಆಮೇಲೆ ಉಷ್ಣವಲಯದ ಮಳೆಗಾಲದಲ್ಲಿ ಪಟ್ಟಿಗಳು ಒಂದನ್ನೊಂದು ಬಿಡತೊಡಗಿದವು. ವಿಯೆನ್ನಾದ ಹೋಟೆಲಿನಲ್ಲಿ ಗಟ್ಟಿಯಾಗಿದ್ದ ಕುರ್ಚಿ ದಕ್ಷಿಣ ಅಮೆರಿಕದಲ್ಲಿ ಪದರ ಪದರವಾಗಿ ಬಿಚ್ಚಿಕೊಂಡರೆ ಅದನ್ನು ಯಾರು ಕೊಳ್ಳುತ್ತಾರೆ? ಮಳೆಗಾಲದಲ್ಲಿ ಅಗ್ಗದ ಪ್ಲೈವುಡ್ಡಿನ ಬಾಗಿಲು ಉಬ್ಬಿ ಸಿಪ್ಪೆ ಏಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಪ್ಪತ್ತು ವರ್ಷ ಅಂಟಿನ ಮೇಲೆ ನಿಂತಿದ್ದ ಮನುಷ್ಯ, ಅದಕ್ಕಾಗಿ ಮಿಲ್ಲು ಕೊಂಡಿದ್ದ ಮನುಷ್ಯ, ಈಗ ಅಂಟನ್ನೇ ಬಿಟ್ಟುಬಿಡಲು ನಿರ್ಧರಿಸಿದರು. ಪಟ್ಟಿಗಳೂ ಬೇಡ, ಪದರಗಳೂ ಬೇಡ. ಇಡೀ ಮರದ ಕೋಲನ್ನೇ ಬಗ್ಗಿಸಬೇಕು. ಈ ಆಸೆ ಅವರೊಬ್ಬರದೇ ಆಗಿರಲಿಲ್ಲ. ಹಡಗು ಕಟ್ಟುವವರು, ಗಾಡಿಯ ಚಕ್ರ ಮಾಡುವವರು ಆವಿಯಲ್ಲಿ ಮರ ಬಗ್ಗಿಸುವುದು ಹಿಂದಿನಿಂದ ಇತ್ತು. ಅಮೆರಿಕದ ಬೋಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಗ್ರ್ಯಾಗ್ ಎಂಬವರು 1808ರಲ್ಲೇ ಬಾಗುಮರದ ಕುರ್ಚಿಗೆ ಪೇಟೆಂಟ್ ಪಡೆದಿದ್ದರು. ಆದರೆ ದಪ್ಪ ಕೋಲನ್ನು ಸಣ್ಣ ಸುತ್ತಿಗೆ ಬಗ್ಗಿಸಿದರೆ ಹೊರಮೈ ಸೀಳುತ್ತಿತ್ತು. ನೂರಾರು ಕುರ್ಚಿಗಳನ್ನು ಒಂದೇ ಸಮನೆ, ಒಂದೂ ಸೀಳದಂತೆ ಮಾಡುವುದು ಹೇಗೆ?

ಇಲ್ಲಿ ಪ್ರಥಮ ಪಿಯುಸಿ ಭೌತಶಾಸ್ತ್ರದ ಘನವಸ್ತುಗಳ ಯಾಂತ್ರಿಕ ಗುಣಗಳ ಪಾಠ ನೆನಪು ಮಾಡಿಕೊಳ್ಳಿ. ಅಂಕಕ್ಕಾಗಿ ಬಾಯಿಪಾಠ ಮಾಡಿದ ಪಾಠ ಇಲ್ಲಿ ಕುರ್ಚಿಯಾಗಿ ನಿಂತಿದೆ. ಒಂದು ಕೋಲನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆವಿಯಲ್ಲಿ ಬೆಂದ ಮರ ಒತ್ತಿದರೆ ತನ್ನ ಉದ್ದದ ಐದನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗಬಲ್ಲದು. ಆದರೆ ಎಳೆದರೆ ಶೇಕಡಾ ಎರಡರಷ್ಟು ಹಿಗ್ಗುವುದರೊಳಗೆ ಹರಿದುಹೋಗುತ್ತದೆ. ಅಂದರೆ ಬೆಂದ ಮರ ಕುಗ್ಗಲು ಸಿದ್ಧ, ಹಿಗ್ಗಲು ಸಿದ್ಧವಿಲ್ಲ.

ಟೋನೆಟ್ ಮಾಡಿದ್ದು ಇಷ್ಟೇ: ಕೋಲಿನ ಹೊರಮೈಗೆ ಉದ್ದಕ್ಕೂ ಒಂದು ಕಬ್ಬಿಣದ ತಗಡಿನ ಪಟ್ಟಿ ಇಟ್ಟು ಎರಡೂ ತುದಿಗಳಲ್ಲಿ ಬಿಗಿಯಾಗಿ ಹಿಡಿಸಿದರು. ಈಗ ಬಗ್ಗಿಸಿದರೆ ಎಳೆತವನ್ನು ಕಬ್ಬಿಣ ಹೊರುತ್ತದೆ. ಕಬ್ಬಿಣ ಹಿಗ್ಗುವುದಿಲ್ಲವಾದ್ದರಿಂದ ಹಿಗ್ಗದ ಪದರ ಮರದ ನಡುವಿನಿಂದ ಹೊರಮೈಗೆ ಸರಿಯುತ್ತದೆ. ಮರದ ಪಾಲಿಗೆ ಉಳಿಯುವುದು ಕುಗ್ಗುವ ಕೆಲಸ ಮಾತ್ರ, ಅದನ್ನು ಅದು ಮಾಡುತ್ತದೆ. ಸೀಳು ನಿಂತುಹೋಯಿತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಬಡಗಿ, ಕೈಯ ಅನುಭವದಿಂದ ಇಲ್ಲಿಗೆ ಬಂದರು ಎಂಬುದು ನನಗೆ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಅಬ್ಬಾನಿಗೆ ವಿವರಿಸಿದಾಗ ಅವರು ತಗಡಿನ ಮಾತು ಬಂದ ಕೂಡಲೇ ತಲೆಯಾಡಿಸಿದರು. ಅವರಿಗೆ ಚಿತ್ರ ಬರೆದು ತೋರಿಸಬೇಕಾಗಲಿಲ್ಲ.

ಪೂರ್ತಿ ಕೆಲಸ ಹೀಗೆ ನಡೆಯುತ್ತಿತ್ತು. ಬೀಚ್ ಮರದ ದಿಮ್ಮಿಯನ್ನು ಎಳೆಯ ದಿಕ್ಕಿನಲ್ಲೇ ಉದ್ದನೆಯ ಚೌಕ ಕೋಲುಗಳಾಗಿ ಕೊಯ್ಯುವುದು. ಲೇತ್ ಮೇಲೆ ಅವುಗಳನ್ನು ದುಂಡಗೆ ಮಾಡುವುದು. ಗಂಟೆಗಟ್ಟಲೆ ಆವಿಯ ಪೆಟ್ಟಿಗೆಯಲ್ಲಿ ಬೇಯಿಸುವುದು. ಹೊರಗೆ ತೆಗೆದ ಕೂಡಲೇ, ತಣ್ಣಗಾಗುವ ಮೊದಲೇ, ತಗಡಿನ ಪಟ್ಟಿ ಬಿಗಿದು ಕಬ್ಬಿಣದ ಅಚ್ಚಿನ ಸುತ್ತ ಬಗ್ಗಿಸುವುದು. ಇದಕ್ಕೆ ಇಬ್ಬರು ಬೇಕು, ಇಬ್ಬರ ಕೈಯೂ ಒಂದೇ ಲಯದಲ್ಲಿ ಹೋಗಬೇಕು. ಆಮೇಲೆ ಅಚ್ಚಿನ ಸಮೇತ ಬಿಸಿ ಕೋಣೆಯಲ್ಲಿ ಒಣಗಿಸುವುದು. ಒಣಗಿದ ಮೇಲೆ ಅಚ್ಚು ತೆಗೆದರೂ ಮರ ಬಾಗಿದಂತೆಯೇ ಇರುತ್ತದೆ. ಏಕೆಂದರೆ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ತೇವ ಮತ್ತು ಶಾಖದಲ್ಲಿ ಮೆತ್ತಗಾಗಿ, ತಣ್ಣಗಾಗುತ್ತ ಒಣಗುತ್ತ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಜೀವಶಾಸ್ತ್ರದ ತರಗತಿಯಲ್ಲಿ ಕ್ಸೈಲಮ್ ಬಗ್ಗೆ ಓದುವಾಗ ಬಂದ ಲಿಗ್ನಿನ್ನೇ ಇದು.

ಗಮನಿಸಿ, ಹಡಗಿನಲ್ಲಿ ಅವರ ಕುರ್ಚಿಯನ್ನು ಕೆಡಿಸಿದ್ದು ನೀರಿನ ಆವಿ. ಈಗ ಅವರ ಕುರ್ಚಿಯನ್ನು ಮಾಡುತ್ತಿದ್ದುದೂ ನೀರಿನ ಆವಿ.

1856ರಲ್ಲಿ ಈ ಹೊಸ ವಿಧಾನಕ್ಕೆ ಆಸ್ಟ್ರಿಯಾದಲ್ಲಿ 13 ವರ್ಷಗಳ ಹಕ್ಕು ಸಿಕ್ಕಿತು. ಅವರು ವಿಯೆನ್ನಾದಲ್ಲೇ ಕಾರ್ಖಾನೆ ಬೆಳೆಸದೆ ಮರ ಇದ್ದಲ್ಲಿಗೆ ಹೋದರು. ಮೊರಾವಿಯಾ ಪ್ರಾಂತದ ಕೊರಿಚನಿ ಎಂಬಲ್ಲಿ, ಬೀಚ್ ಕಾಡುಗಳ ಪಕ್ಕದಲ್ಲಿ, ಕಾರ್ಖಾನೆ ಎದ್ದಿತು. ಆ ಪ್ರದೇಶ ಇಂದು ಚೆಕ್ ಗಣರಾಜ್ಯದಲ್ಲಿದೆ. ಕಾರ್ಖಾನೆಯ ವಿನ್ಯಾಸವೂ ಅವರದೇ, ಯಂತ್ರಗಳಲ್ಲಿ ಹಲವು ಅವರದೇ. ನುರಿತ ಬಡಗಿಗಳು ಅಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಒಂದು ಕುರ್ಚಿಯ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಬ್ಬೊಬ್ಬರು ಒಂದೊಂದು ಹಂತ ಕಲಿಯುವಂತೆ ಮಾಡಿದರು. ಬಗ್ಗಿಸುವುದು ಗಂಡಸರ ಕೆಲಸ. ಮರಳು ಕಾಗದ ಉಜ್ಜುವುದು, ಬೆತ್ತ ಹೆಣೆಯುವುದು ಹಳ್ಳಿಯ ಹೆಂಗಸರ ಕೆಲಸ. ಮುಂದೆ ಬಿಸ್ತ್ರಿಜಿತ್ಸೆ ಎಂಬಲ್ಲಿ ಎರಡನೆಯ ಕಾರ್ಖಾನೆ, ಆಮೇಲೆ ಇನ್ನೂ ಕೆಲವು. ಐದು ಮಕ್ಕಳಿಗೂ ಕೈತುಂಬ ಕೆಲಸ.

ಇದರಲ್ಲಿ ನನಗೆ ಒಂದು ಕೊರೆ ಕಾಣುತ್ತದೆ, ಹೇಳಿಬಿಡುತ್ತೇನೆ. ಟೋನೆಟ್ ತಮ್ಮ ಕೈಯಲ್ಲಿ ಇಡೀ ಕುರ್ಚಿಯನ್ನು ಮಾಡಬಲ್ಲವರಾಗಿದ್ದರು. ಅವರ ಕಾರ್ಖಾನೆಯ ಕೆಲಸಗಾರರಲ್ಲಿ ಹೆಚ್ಚಿನವರು ಜೀವನವಿಡೀ ಕುರ್ಚಿಯ ಒಂದು ತುಂಡನ್ನೇ ಮಾಡಿದರು. ಊರಿಗೆ ಕೂಲಿ ಬಂತು ನಿಜ, ಕಸುಬು ಬರಲಿಲ್ಲ. ಬಡಗಿಯ ಮಗಳಾಗಿ ನನಗೆ ಇದು ಸ್ವಲ್ಪ ಚುಚ್ಚುತ್ತದೆ. ಆದರೆ ಹಾಗೆ ಮಾಡದಿದ್ದರೆ ಕುರ್ಚಿ ಅಗ್ಗವಾಗುತ್ತಿರಲಿಲ್ಲ ಎಂಬುದೂ ನಿಜ.

1859ರಲ್ಲಿ ಬಂತು 14ನೇ ಮಾದರಿ. ಟೋನೆಟ್ ತಮ್ಮ ಕುರ್ಚಿಗಳಿಗೆ ಹೆಸರಿಡುತ್ತಿರಲಿಲ್ಲ, ಸಂಖ್ಯೆ ಕೊಡುತ್ತಿದ್ದರು. ಯಾವ ಭಾಷೆಯ ವ್ಯಾಪಾರಿಯೂ ಸಂಖ್ಯೆ ಹೇಳಿ ತರಿಸಿಕೊಳ್ಳಬಹುದು. 14ನೇ ಮಾದರಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಹಿಂದಿನ ಎರಡು ಕಾಲು ಮತ್ತು ಬೆನ್ನಿನ ಕಮಾನು ಸೇರಿ ಒಂದೇ ಉದ್ದನೆಯ ಕೋಲು. ಒಳಗಿನ ಸಣ್ಣ ಕಮಾನು ಒಂದು. ಆಸನದ ಉಂಗುರ ಒಂದು. ಮುಂದಿನ ಕಾಲು ಎರಡು. ಕಾಲುಗಳನ್ನು ಹಿಡಿದಿಡುವ ಕೆಳಗಿನ ಉಂಗುರ ಒಂದು. ಆಸನಕ್ಕೆ ಬೆತ್ತದ ಹೆಣಿಗೆ. ಕಾಫಿ ಚೆಲ್ಲಿದರೂ ತೂತಿನಿಂದ ಕೆಳಗೆ ಹೋಗುತ್ತದೆ.

ಇದನ್ನು ಬಿಚ್ಚಿ ಕಟ್ಟಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಜೋಡಿಸಿದ ಕುರ್ಚಿಗಳಾದರೆ ಅದೇ ಪೆಟ್ಟಿಗೆಯಲ್ಲಿ ನಾಲ್ಕೈದು ಹಿಡಿಯುವುದೂ ಕಷ್ಟ, ಉಳಿದದ್ದೆಲ್ಲ ಗಾಳಿ. ಹಡಗಿನವರು ಜಾಗಕ್ಕೆ ಬಾಡಿಗೆ ಕೇಳುತ್ತಾರೆ, ಗಾಳಿಗೂ ಬಾಡಿಗೆ ಕೊಡಬೇಕಾಗುತ್ತದೆ. ಟೋನೆಟ್ ಆ ಗಾಳಿಯನ್ನು ಹೊರಗೆ ಹಾಕಿದರು. ಪೆಟ್ಟಿಗೆ ತಲುಪಿದ ಊರಿನಲ್ಲಿ ಸ್ಕ್ರೂ ತಿರುಗಿಸಲು ಬಲ್ಲ ಯಾರಾದರೂ ಅದನ್ನು ಜೋಡಿಸಬಹುದಿತ್ತು. ಈಗ ಆನ್‌ಲೈನಿನಲ್ಲಿ ಮೇಜು ತರಿಸಿಕೊಂಡು, ಜೊತೆಗೆ ಬಂದ ಕಾಗದ ನೋಡಿ ನಾವೇ ಜೋಡಿಸುತ್ತೇವಲ್ಲ, ಆ ಪದ್ಧತಿಯ ಹಿರಿಯಜ್ಜ ಈ ಪೆಟ್ಟಿಗೆ.

1867ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. 1851ರ ಕಂಚು, 1855ರ ಬೆಳ್ಳಿ, ಈಗ ಚಿನ್ನ. 1869ರಲ್ಲಿ 13 ವರ್ಷಗಳ ಹಕ್ಕು ಮುಗಿಯಿತು. ಕೋನ್ ಸಹೋದರರಂಥ ಪ್ರತಿಸ್ಪರ್ಧಿಗಳು ಅದೇ ವಿಧಾನದಲ್ಲಿ ಕುರ್ಚಿ ಮಾಡತೊಡಗಿದರು. ಒಂದು ಕಾಲದಲ್ಲಿ ಪೇಟೆಂಟಿಗಾಗಿ ಮನೆಮಠ ಕಳೆದುಕೊಂಡವರು ಟೋನೆಟ್. ಈಗ ಪೇಟೆಂಟ್ ಹೋದರೂ ಅವರ ಕಾರ್ಖಾನೆಗಳು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅವರಲ್ಲಿ ಕಾಡಿತ್ತು, ಯಂತ್ರಗಳಿದ್ದವು, ಪಳಗಿದ ಕೈಗಳಿದ್ದವು, ದೇಶ ದೇಶಗಳಲ್ಲಿ ಮಾರಾಟ ಮಳಿಗೆಗಳಿದ್ದವು. 1871ರ ಮಾರ್ಚ್ 3ರಂದು ವಿಯೆನ್ನಾದಲ್ಲಿ, 74ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಕ್ಕಳು ಮುಂದುವರಿಸಿದರು. 1930ರ ಹೊತ್ತಿಗೆ 14ನೇ ಮಾದರಿಯ ಕುರ್ಚಿಗಳೇ ಸುಮಾರು 5 ಕೋಟಿ ಮಾರಾಟವಾಗಿದ್ದವು ಎಂದು ಲೆಕ್ಕ. ನಮ್ಮ ಚಂಡೀಗಢ ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆ ಅವರು 1925ರಲ್ಲಿ ಪ್ಯಾರಿಸ್‌ನಲ್ಲಿ ಹೊಸ ಕಾಲದ ಮನೆ ಹೇಗಿರಬೇಕೆಂದು ತೋರಿಸಲು ಕಟ್ಟಿದ ಮಾದರಿ ಮನೆಯಲ್ಲಿ ಇಟ್ಟದ್ದು ಟೋನೆಟ್ ಕಾರ್ಖಾನೆಯ ಬಾಗುಮರದ ಕುರ್ಚಿಗಳನ್ನು. ಬಿಸ್ತ್ರಿಜಿತ್ಸೆಯ ಆ ಹಳೆಯ ಕಾರ್ಖಾನೆಯಲ್ಲಿ ಇಂದಿಗೂ, ಬೇರೆ ಸಂಸ್ಥೆಯ ಹೆಸರಿನಲ್ಲಿ, ಬೀಚ್ ಮರವನ್ನು ಆವಿಯಲ್ಲಿ ಬೇಯಿಸಿ ಕೈಯಿಂದಲೇ ಬಗ್ಗಿಸುತ್ತಾರೆ.

ಒಂದು ವಿಷಯ ಮಾತ್ರ ಟೋನೆಟ್ ಅವರಿಗೆ ಕೊನೆಯವರೆಗೂ ತಪ್ಪಲಿಲ್ಲ: ಅಚ್ಚು. ಪ್ರತಿ ಬಾಗಿಗೂ ಒಂದು ಕಬ್ಬಿಣದ ಅಚ್ಚು ಬೇಕು. ಆಕಾರ ಬದಲಾದರೆ ಅಚ್ಚೂ ಬದಲಾಗಬೇಕು. ಅದು ದುಬಾರಿ. ಒಂದೇ ಮಾದರಿಯ ಲಕ್ಷ ಕುರ್ಚಿ ಮಾಡುವವರಿಗೆ ಇದು ದಕ್ಕುತ್ತದೆ, ಎರಡು ಕುರ್ಚಿ ಮಾಡುವ ಬಡಗಿಗೆ ದಕ್ಕುವುದಿಲ್ಲ. ನಮ್ಮ ಕಡೆ ಬಡಗಿಗಳು ಅಚ್ಚಿಲ್ಲದೆ ಬಾಗು ಮಾಡಬೇಕಾದಾಗ ಹಲಗೆಯ ಹಿಂಬದಿಗೆ ಗರಗಸದಿಂದ ಒತ್ತೊತ್ತಾಗಿ ಗೀರು ಹಾಕಿ ಬಗ್ಗಿಸುತ್ತಾರೆ. ಕೆಲಸ ಆಗುತ್ತದೆ, ಆದರೆ ಗೀರು ಬಿದ್ದಷ್ಟೂ ಎಳೆ ತುಂಡಾಗುತ್ತದೆ, ಭಾರ ಹೊರುವ ಜಾಗಕ್ಕೆ ಅದು ಆಗದು.

ಈಗ ಜರ್ಮನಿಯಲ್ಲೇ, ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ, ಅಖಿಮ್ ಮೆಂಗೆಸ್ ಅವರ ತಂಡ ಅಚ್ಚಿಲ್ಲದ ದಾರಿಯೊಂದನ್ನು ತೋರಿಸಿದೆ. ಅದರ ಗುಟ್ಟು ಪೈನ್ ಮರದ ಕಾಯಿಯಲ್ಲಿದೆ. ಆ ಕಾಯಿ ಒಣಗಿದಾಗ ಹೊರಪೊರೆಗಳು ತಾವಾಗಿ ಬಾಗಿ ತೆರೆದುಕೊಳ್ಳುತ್ತವೆ, ಒದ್ದೆಯಾದಾಗ ಮುಚ್ಚಿಕೊಳ್ಳುತ್ತವೆ. ಮರ ಒಣಗುವಾಗ ಎಳೆಯ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಎಳೆಗೆ ಅಡ್ಡಲಾಗಿ ಚೆನ್ನಾಗಿ ಕುಗ್ಗುತ್ತದೆ. ಹಾಗಾದರೆ ಹಸಿ ಮರದ ಎರಡು ಪದರಗಳನ್ನು, ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ, ಚಪ್ಪಟೆಯಾಗಿ ಅಂಟಿಸಿ ಒಣಗಲು ಬಿಟ್ಟರೆ ಏನಾಗುತ್ತದೆ? ಒಂದು ಪದರ ಕುಗ್ಗಲು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಇಡೀ ಹಲಗೆ ತಾನಾಗಿ ಬಾಗುತ್ತದೆ. ಎಷ್ಟು ಬಾಗಬೇಕೆಂಬುದನ್ನು ಪದರಗಳ ದಪ್ಪ, ಎಳೆಯ ದಿಕ್ಕು, ತೇವಾಂಶ ಇವುಗಳಿಂದ ಮೊದಲೇ ಲೆಕ್ಕ ಹಾಕಬಹುದು. 2019ರಲ್ಲಿ ಜರ್ಮನಿಯ ಉರ್ಬಾಖ್ ಎಂಬಲ್ಲಿ ಹೀಗೆ ತಾನಾಗಿ ಬಾಗಿದ 12 ಮರದ ಹಲಗೆಗಳನ್ನು ಸೇರಿಸಿ 14 ಮೀಟರ್ ಎತ್ತರದ ಗೋಪುರ ನಿಲ್ಲಿಸಿದರು. ಆ ಹಲಗೆಗಳ ತೇವಾಂಶ ಶೇಕಡಾ 22ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಬಾಗು ಮುಗಿದಿತ್ತು. ಇದೇ ತತ್ವದಲ್ಲಿ, ಚಪ್ಪಟೆಯಾಗಿ ಬಂದು ಒಣಗುತ್ತ ತಾನೇ ಬಾಗಿ ನಿಲ್ಲುವ ಆಸನವನ್ನೂ ಆ ತಂಡ ಮಾಡಿ ತೋರಿಸಿದೆ. ಬಗ್ಗಿಸುವ ಇಬ್ಬರು ಕೆಲಸಗಾರರೂ ಇಲ್ಲ, ಕಬ್ಬಿಣದ ಅಚ್ಚೂ ಇಲ್ಲ. ಟೋನೆಟ್ ಅವರ ಕುರ್ಚಿಗಳ ಅಂಟು ಬಿಡಿಸಿದ ಅದೇ ತೇವ ಇಲ್ಲಿ ಬಡಗಿಯ ಕೆಲಸ ಮಾಡುತ್ತದೆ.

ಇದನ್ನು ಸಣ್ಣದಾಗಿ ನಮ್ಮ ಲ್ಯಾಬಿನಲ್ಲೇ ನೋಡಬಹುದು ಎಂದುಕೊಂಡಿದ್ದೇನೆ. ತೆಳುವಾದ ವೆನೀರ್ ಚೂರುಗಳು ನಮ್ಮ ಅಂಗಡಿಯಲ್ಲಿವೆ. ನೆನೆಸಿದ ಎರಡು ಚೂರುಗಳನ್ನು ಎಳೆ ಅಡ್ಡಡ್ಡ ಬರುವಂತೆ ನೀರಿಗೆ ಬಿಡದ ಅಂಟಿನಿಂದ ಅಂಟಿಸಿ, ಅಂಟು ಹಿಡಿಯುವವರೆಗೆ ಭಾರ ಹೇರಿ, ಆಮೇಲೆ ದಿನವೂ ತೂಕ ಮತ್ತು ಬಾಗನ್ನು ಅಳೆದು ಗ್ರಾಫ್ ಹಾಕಬೇಕು. ಭೌತಶಾಸ್ತ್ರದ ಸರ್ ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡಲು ಒಪ್ಪಿದ್ದಾರೆ. ಸೇರಲು ಮನಸ್ಸಿದ್ದವರು ಒಂದು ಸ್ಕೇಲು, ಒಂದು ಗ್ರಾಫ್ ಹಾಳೆ ತನ್ನಿ. ಅಂಟು ನಾನು ತರುತ್ತೇನೆ.